ಸಣ್ಣ ಗಾಡಿ ಬೇಡ ಎಂದವರು ಚಾಚಾ ಅಲ್ಲ

ಆ ದನಿ ನನ್ನದು. ಖಾಜಾ ಚಾಚಾರದಲ್ಲ.

ನಮ್ಮ ಶರಣಪ್ಪ ಮಾವನ ಮೊಬೈಲಿಗೆ "ನೂರು ಸೀಸಿ ಗಾಡಿ ತಗೋಬ್ಯಾಡ, ದೊಡ್ಡದೇ ತಗೋ" ಎಂಬ ವಾಯ್ಸ್ ಮೆಸೇಜು ಬಂದಿತ್ತಲ್ಲ, ಅದರಲ್ಲಿ ಮಾತಾಡಿದವರು ಸೇಡಮ್ಮಿನ ಮೆಕ್ಯಾನಿಕ್ ಖಾಜಾ ಚಾಚಾ ಎಂದೇ ಮನೆಮಂದಿಯೆಲ್ಲ ನಂಬಿದ್ದರು. ಚಾಚಾರ ಗ್ಯಾರೇಜಿನ ಹಿಂದಿನ ಗೋಡೆಗೆ ಬೆನ್ನು ಹಚ್ಚಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಅವರಂತೆಯೇ ಎರಡು ಸಲ ಕೆಮ್ಮಿ ಮಾತಾಡಿದ ಮಹಾನುಭಾವ ನಾನು. ಚಾಚಾ ಹೇಳಿದ್ದು ಬೇರೆಯೇ ಇತ್ತು. ಅದನ್ನು ಅಳಿಸಿದವನೂ ನಾನೇ.

ಇದನ್ನು ಬರೆಯುತ್ತಿರುವಾಗ ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಬಿಸಿಲಲ್ಲಿ ಬಂದು ಫ್ಯಾನಿನ ಕೆಳಗೆ ಕೂತ ಕ್ಷಣವೇ ಕರೆಂಟು ಹೋದರೆ ಬರುತ್ತದಲ್ಲ, ಯಾರ ಮೇಲೆ ತೋರಿಸಬೇಕೋ ತಿಳಿಯದ ಸಿಟ್ಟು — ಅದು. ಆದರೆ ಇಲ್ಲಿ ಯಾರ ಮೇಲೆ ಎಂಬುದು ತಿಳಿದಿದೆ. ಅದೇ ತೊಂದರೆ.

ನಾನು ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂಡುವವನು. ಒಳಗೆ ಕಾಗದದ ಝೆರಾಕ್ಸ್, ಹೊರಗೆ ಮನುಷ್ಯರದು. ವಾಡಿ ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುವ ಹೆಂಗಸಿನ ದನಿ, ಶಹಾಬಾದದ ಹಾಸುಗಲ್ಲು ಕೊಯ್ಯುವ ಮಷೀನು, ಚಿತ್ತಾಪುರದ ಬಸ್ಸು ಎರಡನೇ ಗೇರಿಗೆ ಬೀಳುವಾಗಿನ ನರಳಾಟ — ಎಲ್ಲ ಬರುತ್ತವೆ. ನನ್ನದೇ ದನಿ ಮಾತ್ರ ತೂತು ಬಿದ್ದ ತಗಡಿನ ಹಾಗಿದೆ. ಅದಕ್ಕೇ ಇರಬೇಕು, ಇನ್ನೊಬ್ಬರದರಲ್ಲಿ ಆರಾಮಾಗಿರುತ್ತೇನೆ.

ಶರಣಪ್ಪ ಮಾವ ನಮ್ಮವ್ವನ ಕಡೇ ತಮ್ಮ. ಕರೆಂಟಿನ ಮೀಟರು ಓದುವ ಕೆಲಸ, ಕಾಂಟ್ರಾಕ್ಟರನ ಕೈಕೆಳಗೆ. ಆಳು ಗಿಡ್ಡ. ಮೀಟರು ಎತ್ತರದಲ್ಲಿದ್ದ ಮನೆಗಳಲ್ಲಿ ತುದಿಗಾಲಿನ ಮೇಲೆ ನಿಂತು, ಕತ್ತು ಚಾಚಿ, ಒಂದು ಕಣ್ಣು ಮುಚ್ಚಿ ಓದುತ್ತಾನೆ. ಅದನ್ನು ನಾನು ಮಾಡಿ ತೋರಿಸಿದರೆ — ಈಗ ತೋರಿಸುವುದಿಲ್ಲ, ಆಗಿನ ಮಾತು — ಇಡೀ ಓಣಿ ನಗುತ್ತಿತ್ತು. ಮಾವನೂ ನಗುತ್ತಿದ್ದ. ನಗುತ್ತಿದ್ದ ಎಂದೇ ನಾನು ತಿಳಿದಿದ್ದೆ.

ಅವನಿಗೆ ಮದುವೆ ತಡವಾಗಿ ಆಯಿತು. ಅತ್ತೆ ಚಿಂಚೋಳಿಯವಳು. ಮದುವೆಯಾದ ಮರುವರ್ಷ ಕಾಂಟ್ರಾಕ್ಟರ್ ಕರೆದು, "ಮಳಖೇಡ, ಕೋಡ್ಲಾ ಕಡಿ ಊರುಗಳು ಮೀಟರ್ ಓದಾವ್ರಿಲ್ದ ಖಾಲಿ ಅವ. ಮೋಟರ್ ಸೈಕಲ್ ಇದ್ರ ನಿನಗೇ ಕೊಡ್ತೀನಿ" ಎಂದ. ಅಲ್ಲಿಯವರೆಗೆ ಮಾವ ಸೈಕಲ್ಲಿನ ಮನುಷ್ಯ. ಸಾಲಿಯ ಮೈದಾನದಲ್ಲಿ ಗೆಳೆಯನ ಗಾಡಿ ತಂದು ಅವನಿಗೆ ಕಲಿಸಿದವನು ನಾನು. ಕ್ಲಚ್ಚನ್ನು ಎಮ್ಮೆಯ ಮೊಲೆ ಹಿಂಡಿದಂತೆ ಹಿಂಡುತ್ತಿದ್ದ. ಆದರೂ ಕಲಿತ.

ಆಮೇಲೆ ಶುರುವಾಯಿತು ನೋಡಿ ಊರ ಜ್ವರ. ನಮ್ಮ ಕಡೆ ಒಬ್ಬ ಮನೆ ಕಟ್ಟಿದರೆ ಯಾರೂ ಕೇಳುವುದಿಲ್ಲ, ಗಾಡಿ ತಗೋತೀನಿ ಎಂದರೆ ಕಟಿಂಗ್ ಮಾಡುವವನೂ ಕತ್ತರಿ ಕೆಳಗಿಟ್ಟು ಕೂಡುತ್ತಾನೆ. "ಮೈಲೇಜ್ ನೋಡ್ರಿ." "ಮೈಲೇಜ್ ಏನ್ ನೆಕ್ತೀರಿ, ಪಿಕಪ್ ನೋಡ್ರಿ." "ನೂರಾ ಇಪ್ಪತ್ತೈದು ಸೀಸಿ ಮಧ್ಯಮ ನೋಡ್ರಿ, ಅತ್ತಾಗೂ ಇಲ್ಲ ಇತ್ತಾಗೂ ಇಲ್ಲ." "ನಾಳೆ ಮಾರೂ ಮುಂದ ರೇಟ್ ಬರ್ತದೇನು?" ಇನ್ನೂ ತಗೊಂಡೇ ಇಲ್ಲ ಮಾರಾಯ, ಆಗಲೇ ಮಾರುವ ಚಿಂತೆ! ಮಾವ ಎಲ್ಲರಿಗೂ ತಲೆಯಾಡಿಸುವವನು. ಎದುರಿಗೆ ನಿಂತವನು ಯಾರೋ, ಅವನು ಹೇಳಿದ್ದೇ ಆ ಹೊತ್ತಿನ ಗಾಡಿ. ನನಗೆ ತಲೆ ಕೆಟ್ಟುಹೋಗಿತ್ತು.

ಬೇಕಾದದ್ದೇನು ಎಂಬುದು ಕುರುಡನಿಗೂ ಕಾಣುತ್ತಿತ್ತು. ಮೀಟರು ಓದುವವನು ಮನೆಮನೆಗೆ ಇಳಿಯಬೇಕು, ಮನೆಮನೆಗೆ ಹತ್ತಬೇಕು. ಎಮ್ಮೆ ಅಡ್ಡ ಮಲಗಿದ ಸಂದಿಯಲ್ಲಿ ಗಾಡಿ ತಿರುಗಿಸಬೇಕು. ಹಗುರಾದ, ಸೀಟು ಕೆಳಗಿರುವ, ನೂರು ಸೀಸಿಯ ಗಾಡಿ. ಇಷ್ಟೇ. ಇದು ನನಗೆ ತಿಳಿದಿತ್ತು. ತಿಳಿದೂ — ಇರಲಿ, ಬರುತ್ತೇನೆ ಅಲ್ಲಿಗೆ.

ಮಾವ ಆಗ ಅತ್ತೆಯ ತವರಿಗೆ, ಚಿಂಚೋಳಿಗೆ ಹೋಗಿದ್ದ. ಅಲ್ಲಿಂದ ಫೋನು ಮಾಡಿದ. "ಅಳಿಯಾ, ಎಲ್ಲಾರ ಮಾತು ಕೇಳಿ ಪರೇಶಾನ್ ಆಗೀನಿ. ಖಾಜಾ ಚಾಚಾಗ ಕೇಳು. ಅವರು ಹೇಳಿದ್ದು ವಾಯ್ಸ್ ಮಾಡಿ ಕಳಿಸು. ಅವರೇನಂತಾರ ಅದೇ ಕೊನಿ."

ಹೋದೆ. ಚಾಚಾರ ಕೈ ಪೂರಾ ಎಣ್ಣೆ. ಮೊಬೈಲು ಅವರ ಬಾಯಿಯ ಹತ್ತಿರ ನಾನೇ ಹಿಡಿದೆ. ಎರಡು ಸಲ ಕೆಮ್ಮಿ ಹೇಳಿದರು: "ಶರಣಪ್ಪಾ, ಗಾಡಿ ಎಲ್ಲಾ ಕೆಡ್ತಾವ, ಕೆಟ್ಟ ಮ್ಯಾಲ ಎಲ್ಲಾ ನನ್ನ ಹಂತ್ಯಾಕೇ ಬರ್ತಾವ. ನೀ ಹೊಸಬ ಇದ್ದಿ. ಸಣ್ಣದು ತಗೋ. ನಿಂತಾಗ ಎರಡೂ ಕಾಲು ನೆಲಕ್ಕ ಹತ್ತಬೇಕು. ಸಮ್ಝಾ?"

ಕಳಿಸಬೇಕಾದದ್ದು ಇದು. ಕಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟಿದ್ದೆ. ಆದರೆ ಊರಿನ ಶೋರೂಮಿನ ಗಾಜಿನಾಚೆ ಒಂದು ಕರೀ ಗಾಡಿ ನಿಂತಿತ್ತು, ನೂರಾ ಅರವತ್ತು ಸೀಸಿಯದು. ಭಾನುವಾರ ಮಾವನಿಂದ ಕೀಲಿ ಇಸಿದುಕೊಂಡು, ಕಣ್ಣಿಗೆ ಕರೀ ಚಶ್ಮಾ ಹಾಕಿ, ಚಿಂಚೋಳಿಯ ಕಾಡಿನ ತಿರುವುಗಳಲ್ಲಿ ನಾನು ವಾಲುತ್ತಿರುವ ಫೋಟೋ — ತೆಗೆಯುವ ಮೊದಲೇ ನನ್ನ ತಲೆಯಲ್ಲಿ ಫ್ರೇಮು ಹಾಕಿ ತೂಗಿತ್ತು. ಮಾವನ ನೂರು ಸೀಸಿಯ ಮೇಲೆ ಆ ಫೋಟೋ ಬರುವುದಿಲ್ಲ. ಗ್ಯಾರೇಜಿನ ಹಿಂದೆ ಹೋದೆ. ಅಳಿಸಿದೆ. ಕೆಮ್ಮಿದೆ.

"ಶರಣಪ್ಪಾ, ನೂರು ಸೀಸಿ ತಗೋಬ್ಯಾಡಪಾ. ಸಿಮೆಂಟ್ ಲಾರಿ ಬಾಜೂದಿಂದ ಹೋದ್ರ ಗಾಳಿಗೇ ಹಾರ್ತದ. ದೊಡ್ಡದೇ ತಗೋ. ಭಾರ ಇದ್ರ ರೋಡ್ ಹಿಡೀತದ. ಸಮ್ಝಾ?"

ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನಾನೇ ಎರಡು ಸಲ ಹಾಕಿ ಕೇಳಿ ಖುಷಿಪಟ್ಟೆ. ನಾಚಿಕೆಗೆಟ್ಟವನು! ಮಾವನಿಂದ ಹೆಬ್ಬೆರಳಿನ ಚಿತ್ರ ಬಂತು. ಊರಿಗೆ ಮರಳಿದವನೇ ಒಬ್ಬನೇ ಶೋರೂಮಿಗೆ ಹೋದ. ಸಂಜೆಗೆ ಕರೀ ಗಾಡಿ ಮನೆಯ ಮುಂದೆ ನಿಂತಿತ್ತು, ಗಾಲಿಯ ಕೆಳಗೆ ನಿಂಬೆಹಣ್ಣು.

ಅದರ ಮೇಲೆ ಮಾವ ಕೂತರೆ ಎರಡೂ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ನಾನು ನೋಡಿದೆ. ನೋಡಿಯೂ, "ಮಾವಾ, ಪೈಲ್ವಾನ್ ಕಂಡಂಗ ಕಾಣ್ತಿ ನೋಡು" ಎಂದೆ. ಭಾನುವಾರಗಳು ನನ್ನವಾದವು. ಫೋಟೋ ಬಂತು. ಚಶ್ಮಾ ಸೊಟ್ಟಗಿತ್ತು.

ಮಾವ ಬಿದ್ದದ್ದು ಓಡಿಸುವಾಗಲ್ಲ, ನಿಲ್ಲಿಸುವಾಗ. ಮಳಖೇಡದ ಒಂದು ಸಂದಿ, ಹಾಸುಗಲ್ಲಿನದು. ಯಾರೋ ಬಾಗಿಲು ತೊಳೆದ ನೀರು, ಅದರ ಮೇಲೆ ಕೂತ ಫ್ಯಾಕ್ಟರಿಯ ಸಿಮೆಂಟಿನ ಧೂಳು — ಗಂಜಿಯ ಹಾಗೆ. ಮೀಟರು ನೋಡಲೆಂದು ನಿಂತ, ಎಡಗಾಲು ಚಾಚಿದ, ಕಾಲಿಗೆ ನೆಲ ಸಿಗಲಿಲ್ಲ. ಗಾಡಿ ನಿಧಾನವಾಗಿ, ಯಾರೋ ಮಲಗಿಸಿದ ಹಾಗೆ, ಅವನ ಮೇಲೆ ಮಲಗಿತು. ಕೆಳಗೆ ಸಿಕ್ಕ ಕಾಲಿನ ಗೆಣ್ಣು ಮುರಿಯಿತು. ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಇನ್ನೊಂದು ಕಾಲಿನ ಮೀನಖಂಡಕ್ಕೆ ಕಾದ ಸೈಲೆನ್ಸರ್ ತಾಗಿ ಚರ್ಮ ಸುಟ್ಟಿತು. ಓಡಿ ಬಂದ ಮಂದಿ ಮೊದಲು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಟ್ಯಾಂಕಿಗೆ ಗೀರು ಬಿದ್ದಿದೆಯೇ ನೋಡಿ, ಆಮೇಲೆ ಮಾವನನ್ನು ಎತ್ತಿದರಂತೆ. ಹೊಸ ಗಾಡಿ ನೋಡಿ!

ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಆ ಊರುಗಳು ಬೇರೊಬ್ಬನ ಪಾಲಾಗಿದ್ದವು. ಮಾವ ಮತ್ತೆ ಸೇಡಮ್ಮಿನ ಓಣಿಗಳಲ್ಲಿ ನಡೆದೇ ಮೀಟರು ಓದತೊಡಗಿದ, ಕಾಲು ಎಳೆಯುತ್ತ. ಗಾಡಿ ಹಳೇ ಸೀರೆ ಹೊದ್ದು ಅಂಗಳದಲ್ಲಿ ನಿಂತಿತು. ಯಾರು ಕೇಳಿದರೂ ಒಂದೇ ಮಾತು: "ಗಾಡಿದೇನು ತಪ್ಪಿಲ್ರಿ. ನನ್ನ ಕೈಯಾಗೇ ಇಲ್ಲ ಅದು." ಈ ಮಾತು ಕೇಳಿದಾಗಲೆಲ್ಲ ನನಗೆ ಗೋಡೆಗೆ ತಲೆ ಜಜ್ಜಿಕೊಳ್ಳುವ ಹಾಗಾಗುತ್ತಿತ್ತು. ಬೈಯಬಾರದೇ ಈ ಮನುಷ್ಯ? ಚಾಚಾರಿಗಾದರೂ ಒಂದು ಮಾತು ಬೈಯಬಾರದೇ?

ಬೈದಿದ್ದರೆ ಅಂದೇ ನಾನು ಸಿಕ್ಕಿಬೀಳುತ್ತಿದ್ದೆ, ಅದು ಬೇರೆ. ಒಮ್ಮೆ ಸಂತೆಯಲ್ಲಿ ಇಬ್ಬರೂ ಎದುರಾದರು. ಮಾವ ಮೆತ್ತಗೆ, "ಚಾಚಾ, ನೀವು ಹೇಳಿದ್ದು ಖರೇನೇ ಇರ್ತದ, ನನಗ ಒಗ್ಗಲಿಲ್ಲ" ಎಂದ. ಚಾಚಾ ಹುಬ್ಬು ಗಂಟಿಕ್ಕಿ, "ನಾ ಏನ್ ಹೇಳಿದ್ದೆ..." ಎಂದು ಬಾಯಿ ತೆರೆಯುವಷ್ಟರಲ್ಲಿ, ನಡುವೆ ನಿಂತಿದ್ದ ನಾನು ವಾಡಿ ಸ್ಟೇಷನ್ನಿನ ಹೆಂಗಸಾಗಿ ರೈಲಿನ ಘೋಷಣೆ ಶುರುಮಾಡಿದೆ. ಎಲ್ಲರೂ ನಕ್ಕರು. ಚಾಚಾರೂ ನಕ್ಕು ಮರೆತರು. ನನ್ನ ವಿದ್ಯೆ ನನ್ನನ್ನು ಕಾಪಾಡಿದ ದಿನ ಅದು. ಅಂದಿನಷ್ಟು ಹೇಸಿಗೆ ನನಗೆ ನನ್ನ ಮೇಲೆ ಎಂದೂ ಆಗಿಲ್ಲ.

ಕಳೆದ ತಿಂಗಳು ಕಾಂಟ್ರಾಕ್ಟರ್ ಮತ್ತೆ ಕೇಳಿದ. ಮಳಖೇಡದ ಕಡೆಯ ಹುಡುಗ ಕೆಲಸ ಬಿಟ್ಟಿದ್ದಾನೆ, ಬರ್ತೀಯೇನು? ಮಾವ ಒಲ್ಲೆ ಎಂದ. ಗಾಡಿ ನನ್ನಿಂದಾಗುವುದಿಲ್ಲ ಎಂದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಬದುಕಿಡೀ ತನ್ನನ್ನು ಕೈಲಾಗದವನೆಂದೇ ತಿಳಿಯುತ್ತಾನೆ ಎನಿಸಿತು. ತಪ್ಪು ಅವನ ಕೈಯದಲ್ಲ, ಆ ಬುದ್ಧಿಮಾತಿನದು ಎಂದು ತಿಳಿದರೆ ಸಣ್ಣ ಗಾಡಿ ತಂದಾನು, ಊರುಗಳು ಮರಳಿ ಸಿಕ್ಕಾವು. ಹಾಗೆ ಲೆಕ್ಕ ಹಾಕಿ ಹೋದೆ.

ಅತ್ತೆ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾವ ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹೇಳಿದೆ. ಒಂದೇ ಉಸಿರಿಗೆ, ತೂತು ತಗಡಿನ ದನಿಯಲ್ಲಿ. ಅವನು ನಂಬಲಿಲ್ಲ!

"ಸುಮ್ ಕೂಡು. ಚಾಚಾನ ಮ್ಯಾಲ ಬರಬಾರ್ದಂತ ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಲಿಕತ್ತಿ."

"ಖರೆ ಮಾವಾ. ನಿನ್ನಾಣೆ."

"ನಿನ್ನ ಆಣಿನೂ ನಕಲಿ ಇರ್ತಾವಲೇ."

ಏನು ಮಾಡಲಿ? ಕಳ್ಳ ತಾನೇ ಠಾಣೆಗೆ ಬಂದರೂ ಒಳಗೆ ಕರೆಯುವವರಿಲ್ಲ. ಗದ್ದ ಎದೆಗೆ ಒತ್ತಿದೆ. ಎರಡು ಸಲ ಕೆಮ್ಮಿದೆ. "ಶರಣಪ್ಪಾ, ನೂರು ಸೀಸಿ ತಗೋಬ್ಯಾಡಪಾ..." — ಸಮ್ಝಾ ತನಕ ಹೇಳಿದೆ. ಅತ್ತೆ ಕಿಸಕ್ಕನೆ ನಕ್ಕಳು. ನಕ್ಕವಳು ಮಾವನ ಮುಖ ನೋಡಿ, ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾವ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಹೊಡೆಯಲಿ ಎಂದು ನಾನು ಕಾದು ನಿಂತೆ, ನಿಜಕ್ಕೂ. ಹೊಡೆಯಲಿಲ್ಲ. ನಾನೇ ಗಡಬಡಿಸಿ, "ಇದನ್ನ ಮಾರೂಣು ಮಾವಾ, ಸಣ್ಣದು ತರೂಣು, ಚಾಚಾ ಅಂದಿದ್ದು ಅದೇ ಇತ್ತು, ನಾ ಸುಳ್ಳು ಹೇಳದಿದ್ರ ನೀ ಅದನ್ನೇ ತರ್ತಿದ್ದಿ" ಎಂದೆ.

ಅವನು ನನ್ನ ಕಡೆ ನೋಡದೆ ಹೇಳಿದ:

"ಚಾಚಾ ಏನಂದ್ರು, ನೀ ಏನಂದಿ, ಅದಿರಲಿ ಅಳಿಯಾ. ನಿನ್ನ ವಾಯ್ಸ್ ಕೇಳಿದ ಮ್ಯಾಲ ಭೀ ಶೋರೂಮಿನಾಗ ನಾ ಸಣ್ಣ ಗಾಡಿ ಮ್ಯಾಲೇ ಕುಂತಿದ್ದೆ. ಭಾಳ ಛಂದ ಇತ್ತು. ಇದೇ ಕೊಡ್ರಿ ಅನ್ನಾಂವಿದ್ದೆ. ಅಷ್ಟರಾಗ ನೀ ನೆನಪಾದಿ — ಇದರ ಮ್ಯಾಲ ನಾ ಹ್ಯಾಂಗ ಕಾಣ್ತೀನಿ ಅಂತ ಮನಿಗಿ ಬಂದು ಮಾಡಿ ತೋರಸ್ತಿ, ನಿಮ್ಮತ್ತಿ ನಗ್ತಾಳ. ಅದಕ್ಕ ಇಳದೆ."