ಇಲ್ಫರ್ಡಿನ ಮೈದಾನದಲ್ಲಿ ಬಟ್ಟೆ ಒಗೆಯುವವಳ ಚಿತ್ರ

ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ಭಾನುವಾರ ಜನ ಮನೆಯ ಹಳೆ ಸಾಮಾನನ್ನು ಮೈದಾನಕ್ಕೆ ತಂದು ಮಾರುತ್ತಾರೆ. ತಂಗಿಯ ಮಗಳು ವೀಣಾಳ ಜೊತೆ ಹೋಗಿದ್ದೆ. ಒಬ್ಬ ಇಂಗ್ಲಿಷ್ ಅಜ್ಜಿಯ ಮೇಜಿನ ಮೇಲೆ ಬಟ್ಟೆ ಒಗೆಯುವ ಹೆಂಗಸಿನ ಸಣ್ಣ ತೈಲಚಿತ್ರವಿತ್ತು. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು.

ಬರೆದವನು ತನ್ನ ಮುತ್ತಜ್ಜ ಎಂದಳು ಅಜ್ಜಿ. ನೂರೈವತ್ತು ವರ್ಷಗಳ ಹಿಂದೆ ಸ್ಪೇನಿನ ಚರ್ಚುಗಳಲ್ಲಿ ಸಂತರನ್ನು ಬರೆಯುತ್ತಿದ್ದವನು, ಲಂಡನ್ನಿಗೆ ಬಂದು ಸಾಯುವ ತನಕ ಸಿರಿವಂತರ ಮುಖಗಳನ್ನೇ ಬರೆದನಂತೆ. ಯಾರೂ ಕೇಳದೆ ತಾನಾಗಿ ಬರೆದದ್ದು ಇದೊಂದೇ, ತನ್ನ ಹೆಂಡತಿಯನ್ನು.

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಅರಿವೆ ವ್ಯಾಪಾರ ಮಾಡಿದವನು ನಾನು. ಬೇಕಾದ ಸರಕನ್ನು ಮೊದಲು ಹಳಿಯಬೇಕು, ಆಮೇಲೆ ಬೆಲೆ ಕೇಳಬೇಕು. "ಕೈ ಕಟ್ಟಿಗೆಯಂತಿದೆ, ಮುಖದಲ್ಲಿ ಜೀವವಿಲ್ಲ. ನಿಮ್ಮ ಮುತ್ತಜ್ಜನಿಗೆ ಕಸುಬು ಒಲಿದಿರಲಿಲ್ಲ ಬಿಡಿ," ಎಂದೆ.

ಈ ಕಡೆ ಬರುವವರಿಗೆ ಹೇಳುತ್ತೇನೆ, ಇಲ್ಲಿ ಹಾಗೆ ಮಾತಾಡಬೇಡಿ. ನಮ್ಮಲ್ಲಾಗಿದ್ದರೆ ಮಾರುವವಳು ನನ್ನನ್ನು ಬೈದು ಚಿತ್ರವನ್ನು ಇನ್ನಷ್ಟು ಹೊಗಳುತ್ತಿದ್ದಳು. ಈ ಅಜ್ಜಿ ಕನ್ನಡಕ ಹಾಕಿಕೊಂಡು, ಚಿತ್ರದಲ್ಲಿನ ಆ ಕೈಗಳನ್ನೇ ಬಹಳ ಹೊತ್ತು ನೋಡಿದಳು.

"ಮಾಮಾ, ಆಕಿ ಖರೇನ ಅಂತ ತಿಳ್ಕೊಂಡ್ಲು," ವೀಣಾ ನನ್ನ ತೋಳು ಜಗ್ಗಿದಳು. "ಏನರ ಹೇಳ್ರಿ!"

"ಅದು ಬರೀ ಚೌಕಾಸಿ ಮಾತು ತಾಯಿ. ಚಿತ್ರ ಬಹಳ ಚಂದ ಇದೆ. ನೀವು ಎಷ್ಟು ಹೇಳಿದರೂ ಕೊಡುತ್ತೇನೆ," ಎಂದೆ.

ಅಜ್ಜಿ ಚಿತ್ರವನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ, ಮಾರದೆ ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಳು. "ಸಮಾಧಾನಕ್ಕೆ ಹೇಳಬೇಡಿ," ಎಂದಳು. "ಚಂದ ಇದೆ ಅಂತ ನನಗೆ ಹೇಳಿದ್ದು ನನ್ನ ಅಮ್ಮ ಒಬ್ಬಳೇ. ಅವಳೂ ಸಮಾಧಾನಕ್ಕೇ ಹೇಳಿದ್ದಳೇನೋ."