ನೀರೇ ಕೇಳದ ಕಣಗಿಲೆ

ನಮ್ಮ ಕಾಂಪೌಂಡಿನ ಕಣಗಿಲೆ ಹೂ ಕದಿಯೋರು ಇವತ್ತು ಬೆಳಿಗ್ಗೆ ಸಿಕ್ಕಿಬಿದ್ರು ಸ್ನೇಹಿತರೇ. ಪಕ್ಕದ ಮನೆ ಗೌರಜ್ಜಿ. ಪೂಜೆಗೆ ಅಂತ ಸೆರಗಿನ ತುಂಬ ಕಿತ್ಕೊಂಡಿದ್ರು.

"ಅಜ್ಜಿ, ಗಿಡದಲ್ಲೂ ನಾಲ್ಕು ಬಿಡ್ರಿ" ಅಂದೆ, ಸ್ವಲ್ಪ ಖಾರವಾಗೇ.

"ಬೇಸಿಗೇಲಿ ಇದಕ್ಕೆ ಒಂದು ಚೊಂಬು ನೀರು ಹಾಕಿದ್ಯೇನವ್ವ?"

"ಇದಕ್ಕೆ ನೀರೇ ಬೇಡ ಅಜ್ಜಿ. ಎಂಥಾ ಬಿಸಿಲಾದ್ರೂ ತಡೀತೈತೆ."

"ಒಣಗ್ತಿತ್ತು ಕಣವ್ವ, ನೋಡಕ್ಕಾಗ್ಲಿಲ್ಲ. ದಿನಾ ಗೋಡೆ ಮ್ಯಾಲಿಂದ ಅಕ್ಕಿ ತೊಳೆದ ನೀರು ಹಾಕ್ದೆ. ದೇವರಿಗೆ ಏರಿಸೋ ಹೂವು, ಮುಸುರೆ ನೀರು ಹಾಕಕ್ಕಾಗ್ತೈತಾ?"

ನಾನು ಒಳಗಿಂದ ಸ್ಟೂಲ್ ತಂದು ಹತ್ತಿ, ಅಜ್ಜಿಗೆ ಎಟುಕದ ಕೊಂಬೆಯ ಹೂವನ್ನೂ ಕಿತ್ತುಕೊಟ್ಟೆ.

ಹಿರಿಯೂರಿನ ಬಿಸಿಲಲ್ಲಿ ನೀರಿಲ್ಲದೆ ಬೆಳೆಸಿದ ಗಿಡ ಅಂತ ಫೋಟೋ ಹಾಕಿದ್ದೆನಲ್ಲ, ಅದಕ್ಕೆ ನೀವು ಕೊಟ್ಟ ಲೈಕೆಲ್ಲ ಗೌರಜ್ಜಿಗೆ ಸೇರಬೇಕು. ಅವರ ಹತ್ರ ಮೊಬೈಲಿಲ್ಲ, ಹೂವಲ್ಲೇ ವಸೂಲಿ ಮಾಡ್ಕೊಳ್ತಿದ್ದಾರೆ.