ಬೇಸಿಗೆಯಿಡೀ ಬಚ್ಚಿಟ್ಟ ಅಪ್ಪ-ಅಮ್ಮ

ಅಮೆರಿಕದ ಷಾರ್ಲೆಟ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ನಾನು ಅಪ್ಪ-ಅಮ್ಮನನ್ನು ಮೈಸೂರಿನಿಂದ ಕರೆಸಿಕೊಂಡೆ. ಕರೆಸಿಕೊಂಡು ಬಚ್ಚಿಟ್ಟೆ. ತೊಂಬತ್ತರ ದಶಕದ ನಡುವಿನ ಮಾತು. ನಾನಿದ್ದ ಅಪಾರ್ಟ್‌ಮೆಂಟಿನಲ್ಲಿ ಗೆಸ್ಟುಗಳು ಎರಡು ವಾರಕ್ಕಿಂತ ಹೆಚ್ಚು ಉಳಿಯುವಂತಿರಲಿಲ್ಲ. ಇವರು ಬಂದದ್ದು ಬೇಸಿಗೆ ಪೂರ್ತಿ ಇರಲಿಕ್ಕೆ. ಅಷ್ಟು ದೂರದಿಂದ ಬಂದವರಿಗೆ ಎರಡು ವಾರ ನಿದ್ದೆ ಸರಿಹೋಗುವುದಕ್ಕೇ ಸಾಲದು. ಕೇಳಿದರೆ ಬೇಡ ಅಂದುಬಿಟ್ಟಾರು ಅಂತ ನಾನು ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೇಳಲೇ ಇಲ್ಲ. ಕೆಳಗಿನ ಮನೆಯ ಹುಡುಗನೊಬ್ಬ ಗೆಳೆಯರನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಅಂತ ಅವನನ್ನು ಆಗಷ್ಟೇ ಖಾಲಿ ಮಾಡಿಸಿದ್ದರು. ಥೀಸಿಸ್ ಅರ್ಧದಲ್ಲಿರುವಾಗ ನನ್ನನ್ನೂ ಹಾಗೆ ಎಬ್ಬಿಸಿದರೆ, ಕಾರೂ ಇಲ್ಲದ ನಾನು ಇಬ್ಬರು ವಯಸ್ಸಾದವರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಆಫೀಸಿನ ಮ್ಯಾನೇಜರ್ ಐವತ್ತು ದಾಟಿದ, ಎತ್ತರದ, ದಪ್ಪ ದನಿಯ ಹೆಂಗಸು. ಆಕೆ ನಕ್ಕದ್ದನ್ನು ನಾನಂತೂ ಕಂಡಿರಲಿಲ್ಲ. ಅಪ್ಪ-ಅಮ್ಮ ಬಂದ ದಿನವೇ ಆಕೆಯನ್ನು ಕಿಟಕಿಯಿಂದ ತೋರಿಸಿ ನನ್ನ ಕಾನೂನುಗಳನ್ನೆಲ್ಲ ಹೇಳಿದೆ. ಬಾಲ್ಕನಿಯಲ್ಲಿ ಸೀರೆ ಒಣಹಾಕಬಾರದು. ಬಾಗಿಲ ಮುಂದೆ ರಂಗೋಲಿ ಬೇಡ, ಚಪ್ಪಲಿಯೂ ಬೇಡ. ಅಪ್ಪ ವಾಕಿಂಗ್ ಹೋಗುವುದಾದರೆ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು, ಹಿಂದಿನ ಮೆಟ್ಟಿಲಿಳಿದು ಪೈನ್ ಮರಗಳ ಕಡೆ ಹೋಗಬೇಕು.

"ಪಾಸ್‌ಪೋರ್ಟ್ ಇದೆ, ವೀಸಾ ಇದೆ, ಅಮೆರಿಕದ ಸರ್ಕಾರವೇ ಇರಿ ಅಂದಿದೆ," ಅಂದರು ಬ್ಯಾಂಕಿನಿಂದ ರಿಟೈರಾಗಿದ್ದ ಅಪ್ಪ. "ಬೇಡ ಅನ್ನಕ್ಕೆ ಇವಳ್ಯಾರಮ್ಮ?"

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ವಾದ ಮಾಡ್ಬೇಡಿ."

ಅಮ್ಮ ಕಿಟಕಿಯ ಹತ್ತಿರ ನಿಂತು ಆ ಹೆಂಗಸನ್ನೇ ನೋಡುತ್ತಿದ್ದಳು.

ಊರಿನವರು ಬಂದರೆ ಮಕ್ಕಳು ದಪ್ಪಗಾಗುತ್ತಾರೆ ಅಂತಾರೆ. ನಾನು ಬಡಕಲಾದೆ. ಎರಡು ವಾರ ಕಳೆದ ಮೇಲಂತೂ ಯಾರಾದರೂ ಬಾಗಿಲು ತಟ್ಟಿದರೆ ಇಬ್ಬರನ್ನೂ ಒಳಕೋಣೆಗೆ ಕಳಿಸಿ ತೆರೆಯುತ್ತಿದ್ದೆ. ಲ್ಯಾಬಿನಲ್ಲಿ ಕೂತರೂ ಮನಸ್ಸೆಲ್ಲ ಮನೆಯಲ್ಲಿ. ಅಮ್ಮ ಮಾಡಿದ ಹುಳಿ ಅಮೃತದಂತಿದ್ದರೂ ಗಂಟಲಲ್ಲಿ ಇಳಿಯದು. ಇದ್ದದ್ದರಲ್ಲಿ ಸಮಾಧಾನವೆಂದರೆ, ಇಬ್ಬರೂ ತುಟಿಪಿಟಕ್ಕೆನ್ನದೆ ಮನೆಯಲ್ಲಿದ್ದರು. ಪಾಪ, ಅಮ್ಮ ಇಡೀ ಮಧ್ಯಾಹ್ನ ಗೋಡೆ ನೋಡುತ್ತ ಕೂತಿರುತ್ತಾಳೆ ಅಂತ ಸಂಕಟವೂ ಆಗುತ್ತಿತ್ತು. ಆದರೆ ಸಂಕಟಕ್ಕಿಂತ ಹೆದರಿಕೆ ದೊಡ್ಡದಿತ್ತು.

ಜುಲೈನ ಒಂದು ಸಂಜೆ ಲ್ಯಾಬಿನಿಂದ ಬಂದವಳನ್ನು ಅಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಅವಳ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ. "ಮುಖ ನೋಡ್ಕೊಂಡಿದ್ಯಾ ಕನ್ನಡೀಲಿ? ಯಾರ ಕಣ್ಣು ತಾಗಿದ್ಯೋ ಏನೋ," ಅನ್ನುತ್ತ ನನ್ನ ತಲೆಯಿಂದ ಕಾಲಿನವರೆಗೆ ನೀವಾಳಿಸಿದಳು. ಊರಿನಲ್ಲಾದರೆ ಅದನ್ನು ಕೆಂಡಕ್ಕೆ ಹಾಕುತ್ತಿದ್ದಳು. ಇಲ್ಲಿ ಕೆಂಡವೆಲ್ಲಿ? ಎಲೆಕ್ಟ್ರಿಕ್ ಒಲೆ ಮೇಲೆ ಕೆಂಪಗೆ ಕಾದಿದ್ದ ಬಾಣಲೆಗೆ ಸುರಿದಳು.

ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಅನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಹುಟ್ಟಿದಾಗಿನಿಂದ ಯಾರೂ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಮೂವರಿಗೂ ಕೆಮ್ಮು ಹತ್ತಿತು. ನಾನು ಕಿಟಕಿ ತೆರೆಯುವಷ್ಟರಲ್ಲಿ ಸೂರಿನ ಹೊಗೆ-ಅಲಾರಂ ಕಿರುಚಿತು, ಅದರ ಹಿಂದೆಯೇ ಇಡೀ ಕಟ್ಟಡದ ಗಂಟೆಗಳು. ಎಲ್ಲ ಮನೆಗಳ ಬಾಗಿಲು ತೆರೆದುಕೊಂಡವು. ಜನ ಮೂಗು ಮುಚ್ಚಿಕೊಂಡು ಇಳಿದರು. ಅಪ್ಪ ಪಂಚೆಯಲ್ಲೇ, ಪಾಸ್‌ಪೋರ್ಟಿನ ಚೀಲ ಎದೆಗವಚಿಕೊಂಡು ಹೊರಗೆ ಬಂದರು. ಫೈರ್ ಟ್ರಕ್ ಬಂತು. ಬೂಟು ಹಾಕಿಕೊಂಡ ಇಬ್ಬರು ಒಳಗೆ ನುಗ್ಗಿದಾಗ ಅಮ್ಮನಿಗೆ ಬೆಂಕಿಯದಲ್ಲ, ಬೂಟಿನದೇ ಚಿಂತೆ.

ಆಫೀಸಿನಿಂದ ಆ ಹೆಂಗಸು ಓಡಿಬರುತ್ತಿದ್ದಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮನೆಯೂ ಹೋಯಿತು, ಥೀಸಿಸ್ಸೂ ಹೋಯಿತು. ಏನಾದರೂ ಹೇಳೋಣವೆಂದು ಮುಂದೆ ಹೋದರೆ, ಆಕೆ ನನ್ನನ್ನು ದಾಟಿಕೊಂಡು ನೇರ ಅಮ್ಮನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡಳು. "ಹನಿ, ಆರ್ ಯು ಓಕೆ?"

"ಓಕೆ, ಓಕೆ," ಅಂದಳು ಅಮ್ಮ, ಆಕೆಯ ಬೆನ್ನು ಸವರುತ್ತ. "ನೋ ಫೈರ್. ಚಿಲ್ಲಿ ಓನ್ಲಿ."

ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಟ್ರಕ್ಕಿನವರು ಹೊರಟ ಮೇಲೆ ಆ ಹೆಂಗಸೇ ಹೇಳಿದಳು. ನಾನು ಲ್ಯಾಬಿಗೆ ಹೋದ ಮೇಲೆ ಅಮ್ಮ ದಿನಾ ಮಧ್ಯಾಹ್ನ ಆಫೀಸಿಗೆ ಹೋಗುತ್ತಿದ್ದಳಂತೆ. ಆ ಹೆಂಗಸಿನ ತಂಗಿಯ ತೋಟದಿಂದ ಬಟರ್ ಬೀನ್ಸ್ ಬರುತ್ತಿತ್ತು, ನಮ್ಮ ಅವರೆಕಾಯಿಗೆ ಹತ್ತಿರದ್ದು. ಆಫೀಸಿಗೆ ಯಾರೂ ಬಾರದ ಹೊತ್ತಿನಲ್ಲಿ ಆಕೆ ಅದನ್ನು ಸುಲಿಯುತ್ತ ಕೂತಿದ್ದಾಗ ಅಮ್ಮ ಹೋಗಿ ಎದುರಿಗೆ ಕೂತು ತಾನೂ ಸುಲಿಯತೊಡಗಿದಳಂತೆ. "ನಿಮ್ಮಮ್ಮ ಸುಲಿಯೋ ವೇಗ ನಮ್ಮ ಕಡೆ ಯಾರಿಗೂ ಇಲ್ಲ," ಅಂದಳು. ಅಮ್ಮ ಮಾಡುತ್ತಿದ್ದ ಹುಳಿಯ ಕಾಳು ಎಲ್ಲಿಯದೆಂದು ಆಗ ತಿಳಿಯಿತು.

ಧೈರ್ಯ ಮಾಡಿ, ಎರಡು ವಾರ ಎಂದೋ ಆಗಿಹೋಗಿದೆ ಅಂದೆ. ಆಕೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. ಆ ನಿಯಮ ಪಾರ್ಟಿ ಮಾಡುವ ಹುಡುಗರಿಗೆ, ಅಪ್ಪ-ಅಮ್ಮನಿಗಲ್ಲ, ಬಂದು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ ಅಂದಳು.

ನನಗೆ ಅಲ್ಲಿಯೇ, ಪಾರ್ಕಿಂಗ್ ಲಾಟಿನಲ್ಲಿ, ಅಳು ಬಂತು. ಎದೆ ಮೇಲಿದ್ದ ಬಂಡೆ ಇಳಿದ ಹಾಗಾಯಿತು, ಜೊತೆಗೇ ಹೊಟ್ಟೆ ಹಸಿಯಿತು. ಆ ಬೇಸಿಗೆಯಲ್ಲಿ ನನಗೆ ಹಸಿವಾದದ್ದು ಅದೇ ಮೊದಲು. ಮೂವರೂ ಮೇಲೆ ಬಂದು ಘಾಟಿನಲ್ಲೇ ಸೀನುತ್ತ ಊಟಕ್ಕೆ ಕೂತೆವು. ನಾನು ಎರಡನೇ ಸಲ ಅನ್ನ ಬಡಿಸಿಕೊಂಡು ಅಮ್ಮನ ಮೇಲೆ ಸಿಟ್ಟು ಮಾಡಿದೆ.

"ಅವಳ ಕಣ್ಣಿಗೆ ಬೀಳ್ಬೇಡ ಅಂತ ಬಡ್ಕೊಂಡೆ. ನೀನು ಹೋಗಿ ಎದುರಿಗೇ ಕೂತ್ಕೊಂಡ್ಯಾ?"

"ಅವಳಿಗೆ ನೀನು ಹೆದರ್ತಿದ್ಯಲ್ಲೇ," ಅಂದಳು ಅಮ್ಮ, ತುಪ್ಪ ಹಾಕುತ್ತ. "ಎಂಥವಳು ಅಂತ ನೋಡ್ಕೊಂಡು ಬರೋಣ ಅಂತ ಹೋದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗಕ್ಕೆ ಬಿಡ್ತಿದ್ಯಾ?"